ಕೊಂಡ ಮೇಲೆ ಪರೀಕ್ಷಿಸಲು ಹೊರಟವನು



ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಮಹಾ ಔತಣದ ಸಾಮತಿಯನ್ನು ಹೇಳುತ್ತಾರೆ. ಊಟ ಸಿದ್ಧವಾಗಿದೆ, ಬನ್ನಿ ಎಂದು ಆಳು ಹೋಗಿ ಕರೆದಾಗ ಆಹ್ವಾನಿತರು ಒಬ್ಬೊಬ್ಬರೂ ಒಂದೊಂದು ನೆಪ ಒಡ್ಡುತ್ತಾರೆ. ಒಬ್ಬ ಹೊಲ ಕೊಂಡಿದ್ದಾನೆ, ಹೋಗಿ ನೋಡಬೇಕಂತೆ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ, ಅವುಗಳನ್ನು ಪರೀಕ್ಷಿಸಬೇಕಂತೆ. ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ ಬಲಿಪೂಜೆಯ ವೇಳೆ ಈ ಭಾಗವನ್ನು ಓದಿ ಪ್ರಬೋಧನೆ ಆರಂಭಿಸಿದಾಗ, ಮುಂದೆ ಕುಳಿತಿದ್ದ ಹಿರಿಯ ರೈತರೊಬ್ಬರು ನಕ್ಕುಬಿಟ್ಟರು. ಪೂಜೆ ಮುಗಿದ ಮೇಲೆ ಕಾರಣ ಕೇಳಿದೆ. “ಅಲ್ರೀ ಫಾದರ್, ಎತ್ತು ತಗೊಂಡ ಮ್ಯಾಲೆ ಪರೀಕ್ಷಾ ಮಾಡೋ ಶಾಣ್ಯಾ ಯಾವ ಊರಾಂವ್ರೀ?” ಎಂದರು.

ಅವರು ನಕ್ಕದ್ದು ಸರಿಯೇ. ಬಾದಾಮಿ ಬನಶಂಕರಿ ಜಾತ್ರೆಯ ದನದ ಸಂತೆಯನ್ನು ನೋಡಿದವರಿಗೆ ಇದು ಗೊತ್ತು. ನಮ್ಮ ರೈತ ಎತ್ತಿನ ಬೆಲೆ ಕೇಳುವ ಮೊದಲೇ ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ ಎತ್ತೋ ಎಂದು ಲೆಕ್ಕ ಹಾಕುತ್ತಾನೆ. ಗೊರಸು ಎತ್ತಿ ನೋಡುತ್ತಾನೆ, ಹೆಗಲಿನ ಮೇಲೆ ಕೈಯಾಡಿಸಿ ಹಳೆಯ ಹುಣ್ಣಿನ ಗುರುತು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟು ಇದೆಯೇ ಎಂದು ಗಮನಿಸುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿದು ದರದ ಮಾತು. ಇದರಿಂದ ಮಾರುವವನಿಗೆ ಸಿಟ್ಟು ಬರುವುದಿಲ್ಲ. ನೋಡದೆ ಹಣ ಎಣಿಸುವವನನ್ನು ಕಂಡರೇ ಅವನಿಗೆ ಆಶ್ಚರ್ಯ. ನಮ್ಮ ತಾಯಂದಿರೂ ಹಾಗೆಯೇ. ಇಳಕಲ್ ಸೀರೆ ಕೊಳ್ಳುವಾಗ ಅಂಗಡಿಯವರು ತೋರಿಸಿದ ಬದಿಯನ್ನಷ್ಟೇ ನೋಡುವುದಿಲ್ಲ. ಸೀರೆ ಮಗುಚಿ, ಮೈಯ ಎಳೆಯೂ ಸೆರಗಿನ ರೇಷ್ಮೆ ಎಳೆಯೂ ಕೊಂಡಿ ಹಾಕಿಕೊಂಡು ಕೂಡುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ.

ಆದರೆ ಅದೇ ರೈತ, ಅದೇ ತಾಯಿ, ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಹಳೆಯ ಕಾರನ್ನೋ ವ್ಯಾನನ್ನೋ ಕೊಳ್ಳುವಾಗ ಏನು ಮಾಡುತ್ತಾರೆ? ಬಣ್ಣ ನೋಡುತ್ತಾರೆ, ಸೀಟಿನ ಕವರು ನೋಡುತ್ತಾರೆ, “ನಮ್ಮವರದೇ ಗಾಡಿ, ನೋಡೂದೇನೈತಿ” ಎನ್ನುತ್ತಾರೆ. ಪ್ರಭುವಿನ ಸಾಮತಿಯ ಮುಖ್ಯ ಅರ್ಥ ಬೇರೆ. ಅದು ದೇವರ ಕರೆಗೆ ನಾವು ಒಡ್ಡುವ ನೆಪಗಳ ಕುರಿತದ್ದು. ಆದರೂ ಆ ಎತ್ತು ಕೊಂಡವನು ಇಂದು ನಮ್ಮ ನಡುವೆಯೇ ಇದ್ದಾನೆ. ಅವನ ಪಕ್ಕದಲ್ಲಿ ನಾನೂ ಒಮ್ಮೆ ನಿಂತಿದ್ದೆ. ಅದನ್ನೇ ಈ ವಾರ ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಆಶೀರ್ವಾದ ಪಡೆದ ವ್ಯಾನು

ಇಳಕಲ್ಲಿನ ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡುವ ಒಬ್ಬ ಸಹೋದರ. ಮನೆಯಲ್ಲಿ ವಯಸ್ಸಾದ ತಾಯಿ. ವಾರಕ್ಕೆರಡು ಸಲ ಆಕೆಯನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನಲ್ಲಿ ಆಕೆಗೆ ಆಗುವುದಿಲ್ಲ, ಬಾಡಿಗೆ ಗಾಡಿಗೆ ಕೊಟ್ಟು ಪೂರೈಸುವುದಿಲ್ಲ. ಹೆಂಡತಿಯ ಸಂಘದ ಸಾಲ, ತಮ್ಮನ ಕೈಗಡ, ತನ್ನ ಉಳಿತಾಯ ಎಲ್ಲ ಕೂಡಿಸಿ ಒಂದು ಹಳೆಯ ವ್ಯಾನು ಕೊಳ್ಳಲು ಹೊರಟ. ಮಾರುವವರು ಬಾದಾಮಿಯ ಕಡೆಯವರು, ಅವರೂ ನಮ್ಮ ವಿಶ್ವಾಸಿಗಳೇ. ಕೊಳ್ಳುವ ಮೊದಲು ಆತ ನನ್ನ ಬಳಿ ಬಂದು, “ಫಾದರ್, ಅವರು ಹೆಂಗ್ರೀ? ಗಾಡಿ ಯಾರಿಗರ ತೋರಿಸಬೇಕೇನ್ರೀ?” ಎಂದು ಕೇಳಿದ. ನಾನು ಯೋಚಿಸದೆ, “ಅವರು ಒಂದು ಭಾನುವಾರವೂ ಪೂಜೆ ತಪ್ಪಿಸುವವರಲ್ಲ, ಧೈರ್ಯವಾಗಿ ತೆಗೆದುಕೋ” ಎಂದೆ. ಅಂದರೆ ಮನುಷ್ಯನ ಭಕ್ತಿಯನ್ನು ನೋಡಿ ವ್ಯಾನಿನ ಬ್ರೇಕಿಗೆ ಸರ್ಟಿಫಿಕೇಟು ಕೊಟ್ಟೆ!

ಮುಂದಿನ ಭಾನುವಾರ ಪೂಜೆಯ ನಂತರ ದೇವಾಲಯದ ಮುಂದೆ ವ್ಯಾನು ಬಂದು ನಿಂತಿತು. ಹೂವಿನ ಹಾರ, ಮುಂದಿನ ಗಾಜಿನ ಬಳಿ ಜಪಸರ. ನಾನು ಪ್ರಾರ್ಥಿಸಿ ಪವಿತ್ರ ಜಲ ಪ್ರೋಕ್ಷಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಮೂರು ವಾರ ಕಳೆದಿರಲಿಲ್ಲ. ಒಂದು ಸಂಜೆ ಬಾಗಲಕೋಟೆಯಿಂದ ಮರಳುವಾಗ ಅಮೀನಗಡ ದಾಟಿದ ಮೇಲೆ ವ್ಯಾನಿನೊಳಗೆ ಸುಟ್ಟ ವಾಸನೆ ಬಂತು. ಒಮ್ಮೆಲೇ ಎಲ್ಲ ದೀಪಗಳೂ ಆರಿದವು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್, ಅದರ ಹಿಂದೆಯೂ ದೀಪವಿಲ್ಲ. ಬ್ರೇಕು ಒತ್ತಿದರೆ ಪೆಡಲು ತಳಕ್ಕಿಳಿಯಿತು. ಆತ ಗಾಡಿಯನ್ನು ರಸ್ತೆ ಬಿಟ್ಟು ಎರೆಹೊಲಕ್ಕೆ ಇಳಿಸಿದ. ಹಿಂದಿನ ಸೀಟಿನಲ್ಲಿ ತಾಯಿ, ಆಕೆಯ ತೊಡೆಯ ಮೇಲೆ ಏಳು ವರ್ಷದ ಮೊಮ್ಮಗಳು. ದೇವರ ದಯೆ, ಯಾರಿಗೂ ಪ್ರಾಣಾಪಾಯವಾಗಲಿಲ್ಲ.

ಮರುದಿನ ಮೇಸ್ತ್ರಿ ವ್ಯಾನಿನ ನೆಲಹಾಸನ್ನು ಎತ್ತಿದಾಗ ಒಣಗಿದ ಕೆಸರಿನ ಪದರು ಸಿಕ್ಕಿತು. ಸೀಟು ಕೂರುವ ಕಬ್ಬಿಣದ ಹಳಿಗೆ ತುಕ್ಕು, ವೈರುಗಳ ಜೋಡಣೆಗಳಲ್ಲಿ ಹಸಿರು ಕಿಲುಬು, ಬ್ರೇಕಿನ ಕೊಳವೆ ತುಕ್ಕಿನಿಂದ ತೂತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗಳಿಗೆ ನುಗ್ಗಿದ ನೆರೆ ನಿಮಗೆಲ್ಲ ನೆನಪಿದೆ. ಆ ವ್ಯಾನು ಆಗ ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ಅನಂತರ ತೊಳೆದು, ಬಣ್ಣ ಹೊಡೆದು, ಹೊಸ ಸೀಟು ಕವರು ಹಾಕಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕೊಂಡವನು ನನ್ನೆದುರು ನಿಂತು ಹೆಚ್ಚೇನೂ ಹೇಳಲಿಲ್ಲ. “ನೀವ ಹೇಳಿದ್ರಲ್ರೀ ಫಾದರ್” ಎಂದ, ಅಷ್ಟೇ. ಆ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಕೇಳಲಿಲ್ಲ, ಹೇಳಲಿಲ್ಲ

ಮಾರಿದವರನ್ನು ಕರೆಸಿದೆ. ಗುರುನಿವಾಸದ ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕುಳಿತರು. (ಇದು ಪಾಪನಿವೇದನೆಯ ಗುಟ್ಟಲ್ಲ. ಹೆಸರಿಲ್ಲದೆ ಬರೆಯಲು ಇಬ್ಬರೂ ಒಪ್ಪಿದ್ದಾರೆ.) ಅವರು ತಲೆ ತಗ್ಗಿಸಿ ಹೇಳಿದರು: “ಸುಳ್ಳಂತೂ ಹೇಳಿಲ್ರೀ ಫಾದರ್. ತಮ್ಮ ಕೇಳಲಿಲ್ಲ, ನಾ ಹೇಳಲಿಲ್ಲ.”

ಪ್ರಿಯರೇ, ಈ ಮಾತನ್ನು ಸ್ವಲ್ಪ ನಿಂತು ನೋಡೋಣ. ನಮ್ಮಲ್ಲಿ ಬಹುಮಂದಿಯ ಮನಸ್ಸಾಕ್ಷಿ ಮಲಗುವುದು ಇದೇ ದಿಂಬಿನ ಮೇಲೆ.

ನಮ್ಮ ದೇಶದ ಕಾನೂನು ಸ್ವಲ್ಪಮಟ್ಟಿಗೆ ಅವರ ಪರವಾಗಿಯೇ ಇದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆ ಎಂದರೇನೆಂದು ವಿವರಿಸುವಾಗ ಕುದುರೆಯ ಉದಾಹರಣೆಗಳನ್ನು ಕೊಡುತ್ತದೆ. ತನ್ನ ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಒಬ್ಬನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ, ಬರಿಯ ಮೌನ ವಂಚನೆಯಾಗದು. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾದರೆ? ಆಗ ಹೇಳುವುದು ಅವನ ಕರ್ತವ್ಯ. ಆ ಸಂಬಂಧವೇ ಅವನನ್ನು ಕಟ್ಟಿಹಾಕುತ್ತದೆ. ಇನ್ನೂ ಒಂದು ಉದಾಹರಣೆ ಇದೆ. ಕೊಳ್ಳುವವನು, “ನೀನು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ” ಎಂಬ ಅರ್ಥದಲ್ಲಿ ಮೊದಲೇ ಹೇಳಿದ್ದರೆ, ಮಾರುವವನ ಮೌನವೂ ಮಾತಿಗೆ ಸಮ.

ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಗುರುಮಠದಲ್ಲಿ ನಾವು ಓದಿದ ಅವರ ‘ಸುಮ್ಮಾ’ ಗ್ರಂಥದಲ್ಲಿ, ಕೊಳ್ಳುವ ಮಾರುವ ವ್ಯವಹಾರದ ಮೋಸವನ್ನು ಕುರಿತೇ ಒಂದು ಪೂರ್ತಿ ಪ್ರಶ್ನೆ ಇದೆ. ಅಲ್ಲಿಯೂ ಕುದುರೆಯೇ ಉದಾಹರಣೆ. ಕುದುರೆ ಒಕ್ಕಣ್ಣಿನದಾದರೆ ಅದು ಎಲ್ಲರಿಗೂ ಕಾಣುತ್ತದೆ. ಬೆಲೆಯನ್ನು ನ್ಯಾಯವಾಗಿ ಇಳಿಸಿದ್ದರೆ ಸಾಕು, ಡಂಗುರ ಸಾರಬೇಕಿಲ್ಲ. ಆದರೆ ಕುಂಟು ಕುದುರೆಯನ್ನು ಓಡುವ ಕುದುರೆಯೆಂದು, ಬೀಳುವ ಮನೆಯನ್ನು ಗಟ್ಟಿ ಮನೆಯೆಂದು ಕೊಟ್ಟರೆ, ಕಾಣದ ದೋಷ ಕೊಳ್ಳುವವನಿಗೆ ನಷ್ಟವನ್ನೋ ಅಪಾಯವನ್ನೋ ತರುತ್ತದೆ. ಅಂಥ ದೋಷವನ್ನು ಹೇಳದೆ ಮಾರುವುದು ಅನ್ಯಾಯ, ನಷ್ಟ ತುಂಬಿಕೊಡುವುದು ಮಾರಿದವನ ಹೊಣೆ ಎಂಬುದು ಸಂತರ ತೀರ್ಮಾನ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮಾರುವಾಗ ದೋಷ ತನಗೂ ತಿಳಿದಿರಲಿಲ್ಲವಾದರೆ ಅದು ಪಾಪವಲ್ಲ. ಆದರೆ ತಿಳಿದ ಮೇಲೆ ನಷ್ಟವನ್ನು ತುಂಬಿಕೊಡಲೇಬೇಕು.

ಕಾನೂನು ಮಗಳನ್ನು ಮಾತ್ರ ಹೊರಗಿನವರಿಂದ ಬೇರೆ ಮಾಡಿತು. ಆದರೆ ಪ್ರಭು ಯೇಸು, ನೆರೆಯವನು ಯಾರು ಎಂದು ಕೇಳಿದವನಿಗೆ ದಾರಿಯಲ್ಲಿ ಬಿದ್ದಿದ್ದ ಅಪರಿಚಿತನನ್ನು ತೋರಿಸಿದರು. ಹಾಗಾದರೆ ಕ್ರೈಸ್ತನಿಗೆ ಕೊಳ್ಳುವ ಪ್ರತಿಯೊಬ್ಬನೂ ಮಗಳ ಸ್ಥಾನದಲ್ಲಿ ನಿಲ್ಲುವುದಿಲ್ಲವೇ? ಅಂದು ಪಡಸಾಲೆಯಲ್ಲಿ ನಾನು ಅವರಿಗೆ ಕೇಳಿದ್ದು ಇಷ್ಟೇ: “ಇದೇ ವ್ಯಾನನ್ನು ನಿಮ್ಮ ಮಗಳಿಗೆ ಕೊಡುತ್ತಿದ್ದರೆ, ಹೊಳೆ ನೀರಿನ ಮಾತು ಹೇಳದೆ ಕೀಲಿ ಕೊಡುತ್ತಿದ್ದಿರಾ?” ಅವರು ಉತ್ತರಿಸಲಿಲ್ಲ. ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದರು.

ನಂಬಿಕೆಯೂ ಪರೀಕ್ಷೆಯೂ

ತಪ್ಪು ಮಾರಿದವರದು ಮಾತ್ರವಲ್ಲ. ಕೊಂಡವನದೂ ಸ್ವಲ್ಪ, ನನ್ನದು ಅದಕ್ಕಿಂತ ಹೆಚ್ಚು. “ನಮ್ಮವರ ಗಾಡಿಯನ್ನು ಮೇಸ್ತ್ರಿಗೆ ತೋರಿಸಿದರೆ ಅವರಿಗೆ ಬೇಸರವಾಗುತ್ತದೆ, ಅನುಮಾನ ಪಟ್ಟಂತಾಗುತ್ತದೆ” ಎಂಬ ಸಂಕೋಚ ನಮ್ಮಲ್ಲಿದೆ. ಇದು ಸರಿಯೇ?

ಸಂತ ತೋಮರನ್ನು ನೆನೆಯಿರಿ. ಗಾಯದ ಗುರುತನ್ನು ಮುಟ್ಟಿ ನೋಡದೆ ನಂಬಲಾರೆ ಎಂದರು. ಪುನರುತ್ಥಾನರಾದ ಪ್ರಭು ಅವರ ಮೇಲೆ ಮುನಿಸಿಕೊಂಡು ದೂರ ಹೋಗಲಿಲ್ಲ. ತಾವೇ ಹತ್ತಿರ ಬಂದು ಕೈಗಳನ್ನೂ ಪಕ್ಕೆಯನ್ನೂ ತೋರಿಸಿದರು. ಕಾಣದೆ ನಂಬುವವರು ಧನ್ಯರೆಂದು ಅವರು ಹೇಳಿದ್ದು ದೇವರ ವಿಷಯದಲ್ಲಿ, ಹಳೆಯ ವ್ಯಾನಿನ ವಿಷಯದಲ್ಲಿ ಅಲ್ಲ. ಸತ್ಯವುಳ್ಳವನು ಮುಟ್ಟಿ ನೋಡುವ ಕೈಗೆ ಹೆದರುವುದಿಲ್ಲ. ಒಳ್ಳೆಯ ಗಾಡಿ ಮಾರುವವನು “ನಿಮ್ಮ ಮೇಸ್ತ್ರಿಯನ್ನು ಕರೆತನ್ನಿ” ಎಂದು ತಾನೇ ಹೇಳುತ್ತಾನೆ. ಮೇಸ್ತ್ರಿಯ ಹೆಸರೆತ್ತಿದ ಕೂಡಲೇ “ಬೇರೆಯವರು ಅಡ್ವಾನ್ಸ್ ಕೊಡಲು ನಿಂತಿದ್ದಾರೆ” ಎಂದು ಅವಸರಪಡಿಸುವವನಿದ್ದರೆ, ಉತ್ತರ ಅಲ್ಲೇ ಸಿಕ್ಕಿತು.

ಇನ್ನು ಆಶೀರ್ವಾದದ ಮಾತು. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಸೈತಾನನು ಪ್ರಚೋದಿಸಿದಾಗ ಪ್ರಭು ಒಪ್ಪಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡುವುದು ವಿಶ್ವಾಸವಲ್ಲ. ಪವಿತ್ರ ಜಲ ಬ್ರೇಕಿನ ಎಣ್ಣೆಯ ಬದಲಿಗೆ ಅಲ್ಲ. ದೇವರು ಕೊಟ್ಟ ಬುದ್ಧಿಯಿಂದ ಮಾಡಬೇಕಾದ್ದನ್ನು ಮಾಡಿ, ನಮ್ಮ ಕೈ ಮೀರಿದ್ದನ್ನು ಅವರ ಕೈಗೆ ಒಪ್ಪಿಸುವುದೇ ಆಶೀರ್ವಾದ ಕೇಳುವ ಸರಿಯಾದ ಕ್ರಮ.

ಹೇಗೆ ನೋಡಬೇಕು?

ಆ ಘಟನೆಯ ನಂತರ ಅನುಭವವುಳ್ಳ ಮೇಸ್ತ್ರಿಯೊಬ್ಬರ ಬಳಿ ಕುಳಿತು ಕೇಳಿ ತಿಳಿದದ್ದನ್ನು ನಿಮ್ಮ ಕುಟುಂಬಗಳ ಉಪಯೋಗಕ್ಕೆ ಹೇಳುತ್ತೇನೆ.

ಗಾಡಿಯನ್ನು ಬೆಳಗಿನ ಹೊತ್ತು, ಬಿಸಿಲಿನ ಬೆಳಕಿನಲ್ಲಿ ನೋಡಿ. ಸಂಜೆ ದೀಪದಲ್ಲಿ ಅಥವಾ ಮಳೆಯಲ್ಲಿ ನೆನೆದ ಗಾಡಿಯಲ್ಲಿ ಬಣ್ಣದ ಭೇದ ತಿಳಿಯದು. ನೀವು ಬರುವ ಮೊದಲು ಇಂಜಿನ್ ಚಾಲೂ ಮಾಡಬೇಡಿ ಎಂದು ಮಾರುವವರಿಗೆ ಹೇಳಿ. ಹೋದೊಡನೆ ಇಂಜಿನ್ ಮುಟ್ಟಿ ನೋಡಿ. ಆಗಲೇ ಬಿಸಿಯಾಗಿದ್ದರೆ, ತಣ್ಣಗಿನ ಇಂಜಿನ್ ಎಷ್ಟು ಕಷ್ಟದಿಂದ ಏಳುತ್ತದೆ ಎಂಬುದು ನಿಮಗೆ ಕಾಣಬಾರದೆಂದು ಹಾಗೆ ಮಾಡಿರಬಹುದು. ಚಾಲೂ ಮಾಡಿದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ತಂಪು ಮಾಡುವ ನೀರು ಒಳಗೆ ಸೇರುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯಂಥ ಲೋಳೆ ಅಂಟಿದ್ದರೂ ಅದೇ ಸಂಶಯ. ಆ ರಿಪೇರಿಯ ಖರ್ಚು ದೊಡ್ಡದು.

ನಮ್ಮ ಜಿಲ್ಲೆಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಇರುವುದರಿಂದ ನೀರು ಕುಡಿದ ಗಾಡಿಯ ಗುರುತು ನಮಗೆ ಗೊತ್ತಿರಬೇಕು. ನೆಲಹಾಸು ಎತ್ತಿ ನೋಡಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೈಯಾಡಿಸಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ, ನೀರು ನಿಂತ ಗೆರೆ ಅದರ ಮೇಲೆ ಉಳಿದಿರುತ್ತದೆ. ಅದನ್ನು ತೊಳೆಯಲು ಬಹುಮಂದಿ ಮರೆಯುತ್ತಾರೆ. ಕಿಟಕಿಗಳನ್ನು ಮುಚ್ಚಿ ಸ್ವಲ್ಪ ಹೊತ್ತು ಒಳಗೆ ಕುಳಿತುಕೊಳ್ಳಿ, ಮುಗ್ಗಲು ವಾಸನೆ ತಾನಾಗಿಯೇ ಮಾತನಾಡುತ್ತದೆ. ವಿಪರೀತ ಸುಗಂಧ ಹೊಡೆದಿದ್ದರೆ ಅದನ್ನೂ ಗಮನಿಸಿ.

ಅಪಘಾತಕ್ಕೀಡಾದ ಗಾಡಿಯನ್ನು ಬಾಗಿಲುಗಳ ಸಂದಿಯಲ್ಲಿ ಗುರುತಿಸಬಹುದು. ಎಡಬದಿಯ ಸಂದಿ ಕಿರಿದು, ಬಲಬದಿಯದು ಅಗಲವಾಗಿದ್ದರೆ ಎಲ್ಲೋ ಪೆಟ್ಟು ಬಿದ್ದಿದೆ. ಬೋಲ್ಟುಗಳ ತಲೆಯಲ್ಲಿ ಪಾನಾ ಹಾಕಿದ ಗಾಯವಿದ್ದರೆ ಆ ಭಾಗವನ್ನು ಬಿಚ್ಚಿದ್ದಾರೆ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಕಬ್ಬಿಣದ ಮೈಗೆ ಹಿಡಿದರೆ, ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯದೆ ಜಾರುತ್ತದೆ.

ಕಿಲೋಮೀಟರ್ ಮೀಟರನ್ನು ಮಾತ್ರ ನಂಬಬೇಡಿ. ಮೀಟರ್ 30,000 ಎನ್ನುತ್ತಿರುವಾಗ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ರಬ್ಬರಿಗೆ ಸುಳ್ಳು ಹೇಳಲು ಬಾರದು. ಹಳೆಯ ಸರ್ವಿಸ್ ಬಿಲ್ಲುಗಳಲ್ಲಿ ಅಂದಂದಿನ ಕಿಲೋಮೀಟರ್ ಬರೆದಿರುತ್ತದೆ, ಕೇಳಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಟೈರು ಒಂದೇ ಬದಿಗೆ ಸವೆದಿದ್ದರೆ ಚಕ್ರದ ಜೋಡಣೆಯಲ್ಲಿ ದೋಷವಿದೆ. ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು, ಸಿಲಿಂಡರಿನ ಅವಧಿಯ ಪರೀಕ್ಷೆಯೂ ಆಗಿರಬೇಕು. ಅಡುಗೆಯ ಸಿಲಿಂಡರಿನಿಂದ ಓಡಿಸುವ ಗಾಡಿಯನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.

ಕೊನೆಗೆ ಓಡಿಸಿ ನೋಡಿ, ಹಂಪಿನ ಮೇಲೂ ಕೆಟ್ಟ ದಾರಿಯಲ್ಲೂ. ಖಾಲಿ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು. ಇಷ್ಟೆಲ್ಲ ಆದ ಮೇಲೂ ನಿಮ್ಮದೇ ಮೇಸ್ತ್ರಿಗೆ ತೋರಿಸಿ, ಗಾಡಿಯನ್ನು ಮೇಲೆತ್ತಿ ಅಡಿಭಾಗ ನೋಡಿಸಿ. ಮಾರುವವರ ಮೇಸ್ತ್ರಿ ಬೇಡ. ಒಬ್ಬನೇ ಇಬ್ಬರು ಯಜಮಾನರ ಸೇವೆ ಮಾಡಲಾರ. ಅವನಿಗೆ ಕೊಡುವ ಕೂಲಿಯನ್ನು ನಷ್ಟವೆಂದು ಎಣಿಸಬೇಡಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಕೇಳಿದ್ದೂ ಅದೇ 14ನೆಯ ಅಧ್ಯಾಯದಲ್ಲಿಯೇ.

ಯೆರೆಮೀಯನ ಮಣ್ಣಿನ ಗಡಿಗೆ

ಕಾಗದಪತ್ರಗಳ ವಿಷಯದಲ್ಲಿ ನಮಗೆ ಪ್ರವಾದಿ ಯೆರೆಮೀಯನೇ ಗುರು. ಶತ್ರು ಸೈನ್ಯ ಜೆರುಸಲೇಮನ್ನು ಮುತ್ತಿದ್ದಾಗ, ದೇವರ ಮಾತಿನಂತೆ ಅವನು ತನ್ನ ಚಿಕ್ಕಪ್ಪನ ಮಗನಿಂದ ಅನಾತೋತಿನ ಹೊಲವನ್ನು 17 ತೊಲ ಬೆಳ್ಳಿಗೆ ಕೊಂಡನು. ಮಾರಿದವನು ಸ್ವಂತ ರಕ್ತಸಂಬಂಧಿ, ಕೊಳ್ಳಲು ಹೇಳಿದವರು ಸ್ವತಃ ದೇವರು. ಆದರೂ ಯೆರೆಮೀಯನು ಸಾಕ್ಷಿಗಳ ಮುಂದೆ ಬೆಳ್ಳಿ ತೂಗಿ, ಪತ್ರಕ್ಕೆ ಸಹಿ ಹಾಕಿ, ಮುದ್ರೆಯೊತ್ತಿ, ಮಣ್ಣಿನ ಗಡಿಗೆಯಲ್ಲಿ ಭದ್ರವಾಗಿ ಇಡಿಸಿದನು. ಪ್ರವಾದಿಗೆ ಬೇಡವಾಗದ ಕಾಗದ ನಮಗೆ ಬೇಡವೇ?

ಆರ್‌ಸಿಯಲ್ಲಿರುವ ಹೆಸರು ಮಾರುವವರದೇ ಎಂದು ನೋಡಿ. ಇಂಜಿನ್ ನಂಬರನ್ನೂ ಚಾಸಿಸ್ ನಂಬರನ್ನೂ ಗಾಡಿಯ ಮೈಮೇಲೆ ಹುಡುಕಿ ಕಾಗದದೊಡನೆ ಅಕ್ಷರ ಅಕ್ಷರ ತಾಳೆ ಮಾಡಿ. ನಮ್ಮ ಬಾಗಲಕೋಟೆಯ ಕೆಎ 29 ಆಗಲಿ, ಜಮಖಂಡಿಯ ಕೆಎ 48 ಆಗಲಿ, ಗಾಡಿಯ ನೋಂದಣಿ ವಿವರವನ್ನು ಕೇಂದ್ರ ಸರ್ಕಾರದ ‘ಪರಿವಾಹನ್’ ಸೇವೆಯಲ್ಲಿ ಮೊಬೈಲಿನಲ್ಲೇ ನೋಡಬಹುದು. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿ. ವಿಮೆ ಜೀವಂತವಾಗಿದೆಯೇ, ಪೊಲೀಸ್ ದಂಡಗಳು ಬಾಕಿ ಇವೆಯೇ ನೋಡಿ. ಬ್ಯಾಂಕಿನ ಸಾಲವಿದ್ದ ಗಾಡಿಯಾದರೆ ಸಾಲ ತೀರಿದ ಪತ್ರವನ್ನೂ ಫಾರಂ 35ನ್ನೂ ಕೇಳಿ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಎಷ್ಟು ವರ್ಷ ಉಳಿದಿದೆ ಎಂಬುದರ ಮೇಲೂ ಬೆಲೆ ನಿಲ್ಲಬೇಕು. ಸೊಲ್ಲಾಪುರ, ಕೊಲ್ಲಾಪುರಗಳ ಕಡೆಯ ಗಾಡಿ ಅಗ್ಗವೆಂದು ಕಂಡರೂ ಅಲ್ಲಿಯ ನಿರಾಕ್ಷೇಪಣಾ ಪತ್ರ, ನಮ್ಮ ರಾಜ್ಯದ ತೆರಿಗೆ, ಹೊಸ ನೋಂದಣಿ ಎಲ್ಲ ಕೂಡಿಸಿದ ಮೇಲೆ ಲೆಕ್ಕ ಹಾಕಿ.

ಹಣ ಕೊಟ್ಟ ದಿನವೇ ಫಾರಂ 29 ಮತ್ತು 30ಕ್ಕೆ ಸಹಿ ಆಗಲಿ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಕೊಳ್ಳಲು ಕೊಂಡವರಿಗೆ 14 ದಿನಗಳ ಅವಧಿ. “ನಿಧಾನಕ್ಕ ಮಾಡ್ಸಿದ್ರಾತು” ಎಂದು ಬಿಡಬೇಡಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಅಪಘಾತದ ಪರಿಹಾರದ ಪ್ರಶ್ನೆ ಬಂದಾಗ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಆದ್ದರಿಂದ ಇದು ಮಾರುವವರ ರಕ್ಷಣೆಯೂ ಹೌದು. ಗಾಡಿ ಒಪ್ಪಿಸಿದ ದಿನಾಂಕವನ್ನೂ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಿ. ಹಣ ಬ್ಯಾಂಕಿನ ಮೂಲಕ ಹೋಗಲಿ.

ಒಂದು ಮಾತು ವಿಶೇಷವಾಗಿ ನೆನಪಿಡಿ. ಸ್ವಂತ ಗಾಡಿಯನ್ನು ಮಾರುವ ವ್ಯಕ್ತಿ ವ್ಯಾಪಾರಿಯಲ್ಲ. ಕೊಂಡ ಮೇಲೆ ದೋಷ ಕಂಡರೆ ಕಾನೂನಿನ ಕೈ ನಿಮಗೆ ಅಷ್ಟು ಸುಲಭವಾಗಿ ನಿಲುಕದು. ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದನ್ನು ನೀವು ನೋಡಲಿಲ್ಲವೆಂದರೆ, ಮಾರಿದವನ ಮೌನವನ್ನು ತೋರಿಸಿ ಕರಾರು ಮುರಿಯುವುದೂ ಕಷ್ಟ. ಆದ್ದರಿಂದ ಬಾಯಿಬಿಟ್ಟು ಕೇಳಿ: “ಅಣ್ಣಾ, ಈ ಗಾಡಿ ಎಲ್ಲಾರ ಬಡದಿತ್ತೇನು? ನೀರಾಗ ನಿಂತಿತ್ತೇನು? ಇಂಜಿನ್ ಬಿಚ್ಚಿಸೀರೇನು?” ಸಾಕ್ಷಿಯ ಮುಂದೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಕೇಳಿದ ಪ್ರಶ್ನೆ ಮಾರುವವನಿಗೂ ಒಂದು ಉಪಕಾರ. ಸುಮ್ಮನಿದ್ದು ಪಾಪಕ್ಕೆ ಜಾರುವ ಮೊದಲು ಅವನಿಗೆ ಸತ್ಯ ಹೇಳುವ ಅವಕಾಶ ಕೊಟ್ಟಂತೆ.

ಕೊಳ್ಳುವವನ ಪಾಪ

ಹಾಗೆಂದು ಕೊಳ್ಳುವವರೆಲ್ಲ ಸಂತರಲ್ಲ. ಕೊಳ್ಳುವಾಗ “ಚೆನ್ನಾಗಿಲ್ಲ, ಚೆನ್ನಾಗಿಲ್ಲ” ಎಂದು ಹಳಿದು, ಕೊಂಡು ಹೋದ ಮೇಲೆ ಹೊಗಳಿಕೊಳ್ಳುವವನನ್ನು ಜ್ಞಾನೋಕ್ತಿಗಳ ಗ್ರಂಥ ಗುರುತಿಸಿದೆ. ಗಂಡ ತೀರಿಕೊಂಡ ಮೇಲೆ ಮನೆಯ ಕಾರು ಮಾರುವ ತಾಯಿಗೆ ಅದರ ಬೆಲೆ ತಿಳಿಯದು. ಮೇಸ್ತ್ರಿಯನ್ನು ಕರೆದೊಯ್ದು, ಇಲ್ಲದ ದೋಷ ಹೇಳಿಸಿ, ಅರ್ಧ ಬೆಲೆಗೆ ಹೊಡೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. ಬಂಗಾರವನ್ನು ಹಿತ್ತಾಳೆಯೆಂದು ತಿಳಿದು ಮಾರಿದವನಿಂದ ತಿಳಿದೂ ಕೊಂಡವನು ಅದನ್ನು ತುಂಬಿಕೊಡಬೇಕೆಂದು ಸಂತ ಥಾಮಸರು ಹೇಳುತ್ತಾರೆ. ಪರೀಕ್ಷೆ ಇರುವುದು ಸತ್ಯವನ್ನು ತಿಳಿಯಲಿಕ್ಕೆ, ಬೆಲೆ ಮುರಿಯುವ ಆಯುಧವಾಗಲಿಕ್ಕಲ್ಲ. ಸಣ್ಣ ದೋಷ ಸಿಕ್ಕರೆ ಅದರ ರಿಪೇರಿಯಷ್ಟೇ ಕಡಿಮೆ ಕೇಳಿ. ಏಳನೆಯ ಆಜ್ಞೆ ಇಬ್ಬರಿಗೂ ಒಂದೇ.

ಬೇವಿನ ಮರದ ಕೆಳಗಿನಿಂದ

ಆ ಸಹೋದರರು ಮುಂದಿನ ವಾರ ಮತ್ತೆ ಬಂದರು. ಹಣ ಕರಗಿಹೋಗಿತ್ತು, ನೆರೆಯಲ್ಲಿ ಮನೆಗೋಡೆ ಬಿದ್ದು ಅವರೂ ಸಾಲದಲ್ಲಿದ್ದರು. ನೆರೆ ಅವರನ್ನೂ ನೋಯಿಸಿತ್ತು ಎಂಬುದನ್ನು ನಾವು ಮರೆಯಬಾರದು. ಆದರೆ ತನ್ನ ಮೇಲೆ ಬಿದ್ದ ನೀರನ್ನು ಇನ್ನೊಬ್ಬನ ಮನೆಗೆ ತಿರುಗಿಸಿದರೆ ನೆರೆ ಇಳಿದಂತಾಗುವುದಿಲ್ಲ. “ಎಲ್ಲಾ ಒಮ್ಮೆಲೇ ಆಗೂದಿಲ್ರೀ, ಕಂತಿನ್ಯಾಗ ಕೊಡ್ತೀನಿ” ಎಂದರು. ವೈರಿಂಗ್ ಮತ್ತು ಬ್ರೇಕಿನ ಖರ್ಚನ್ನು ಮೂರು ಕಂತಿನಲ್ಲಿ ಕೊಟ್ಟರು. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಿದನು. ಇವರು ಇದ್ದಷ್ಟನ್ನು ಕೊಟ್ಟರು. ಪೂಜೆಯಲ್ಲಿ ಶಾಂತಿ ಸೂಚನೆಯ ವೇಳೆ ಇಬ್ಬರೂ ಕೈಜೋಡಿಸಲು ಬಹಳ ತಿಂಗಳುಗಳು ಬೇಕಾದವು. ಅವರು ಕೈಜೋಡಿಸಿದ ದಿನ ಬಲಿಪೀಠದಿಂದ ಅದನ್ನು ನೋಡಿ, ಮುಂದಿನ ಪ್ರಾರ್ಥನೆಗೆ ನನಗೆ ಸ್ವಲ್ಪ ತಡವಾಯಿತು.

ನನ್ನ ಪಾಲಿನ ಪ್ರಾಯಶ್ಚಿತ್ತವೆಂದರೆ, ಆಶೀರ್ವಾದಕ್ಕೆ ಗಾಡಿ ತಂದವರಿಗೆ ಈಗ ಮೂರು ಪ್ರಶ್ನೆ ಕೇಳುತ್ತೇನೆ. ಮೇಸ್ತ್ರಿಗೆ ತೋರಿಸಿದಿರಾ? ಕಾಗದ ನಿಮ್ಮ ಹೆಸರಿಗಾಯಿತೇ? ನಿಮ್ಮ ಹಳೆಯ ಗಾಡಿ ಮಾರಿದ್ದರೆ, ಅದರ ದೋಷಗಳನ್ನು ಕೊಂಡವರಿಗೆ ಹೇಳಿದಿರಾ? ಮೊದಲೆರಡಕ್ಕೆ ಜನ ಬೇಗ ಉತ್ತರಿಸುತ್ತಾರೆ. ಮೂರನೆಯದಕ್ಕೆ ಕೆಲವರು ಸ್ವಲ್ಪ ಹೊತ್ತು ನೆಲ ನೋಡುತ್ತಾರೆ. ಒಬ್ಬರು ಅಲ್ಲಿಯೇ ಮೊಬೈಲ್ ತೆಗೆದು, ತಮ್ಮ ಗಾಡಿ ಕೊಂಡವರಿಗೆ ಫೋನ್ ಮಾಡಿದ್ದೂ ಉಂಟು.

ಈ ವಾರ ನಿಮ್ಮ ಮನೆಯಲ್ಲಿ ಜಪಸರದ ಪ್ರಾರ್ಥನೆಯ ನಂತರ ಒಂದು ಕ್ಷಣ ಕೇಳಿಕೊಳ್ಳಿ: ನಾವು ಮಾರಿದ ಯಾವುದಾದರೂ ವಸ್ತುವಿನಲ್ಲಿ, ಹೊಲದಲ್ಲಿ, ಎಮ್ಮೆಯಲ್ಲಿ, ಗಾಡಿಯಲ್ಲಿ, ಹೇಳದೆ ಉಳಿಸಿದ ಮಾತು ಇದೆಯೇ?

ಪ್ರಾರ್ಥಿಸೋಣ: ಓ ಪ್ರಭುವೇ, ನಿಮ್ಮ ಗಾಯಗಳನ್ನು ಮುಚ್ಚಿಡದೆ ತೋರಿಸಿದವರು ನೀವು. ಕೊಳ್ಳುವಾಗ ನಮಗೆ ತೆರೆದ ಕಣ್ಣು ಕೊಡಿರಿ, ಮಾರುವಾಗ ತೆರೆದ ಬಾಯಿ ಕೊಡಿರಿ. ನಮ್ಮ ಗಾಡಿಯಲ್ಲಿ ಕುಳಿತು ಹೋಗುವವರೆಲ್ಲರೂ ಕ್ಷೇಮವಾಗಿ ಮನೆ ಸೇರಲಿ. ಆಮೆನ್.